ಜೂನ್‌ನಲ್ಲಿ ಬ್ರಷ್ ಕಟ್ಟಿಡಬೇಡಿ: ಒಣಗದ ಹಾಳೆಯ ಮೇಲೆ ಮರ ಬರೆದ ನನ್ನ ಅನುಭವ

"ಜೂನ್ ಬಂತಲ್ಲ, ಬ್ರಷ್ ತೊಳೆದು ಕಟ್ಟಿಡು ಮಾರಾಯ. ಇನ್ನು ಪುತ್ತರಿ ಸುಗ್ಗಿ ಹಬ್ಬ ಮುಗಿದ ಮೇಲೆ ನೋಡೋಣ." ನಮ್ಮ ಡ್ರಾಯಿಂಗ್ ಮೇಷ್ಟ್ರು ಪ್ರತಿ ವರ್ಷ ಹೇಳುತ್ತಿದ್ದ ಮಾತು ಇದು. ನಲವತ್ತು ವರ್ಷ ವಾಟರ್ ಕಲರ್ ಮಾಡಿದವರು, ಅವರಿಗೆ ಎದುರು ಹೇಳುವ ಧೈರ್ಯ ನನಗೆಲ್ಲಿ? ಅದೂ ಅಲ್ಲದೆ ಮಾತು ಸುಳ್ಳೂ ಅಲ್ಲ. ಕೊಡಗಿನ ನಮ್ಮ ನಾಪೋಕ್ಲು ಕಡೆ ಮಳೆಗಾಲದಲ್ಲಿ ಒಗೆದ ಬನಿಯನ್ನೇ ನಾಲ್ಕು ದಿನ ಒಣಗಲ್ಲ, ಇನ್ನು ಹಾಳೆ ಎಲ್ಲಿ ಒಣಗುತ್ತದೆ? ಆದರೆ ಹೋದ ಮಳೆಗಾಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು 60ರ ಹತ್ತಿರ ಚಿತ್ರ ಮಾಡಿದೆ. ಅದರಲ್ಲಿ 20-22 ಚೆನ್ನಾಗಿವೆ, 9 ಮಾರಾಟವೂ ಆದವು. ಬೇಸಿಗೆಯಲ್ಲಿ ನನ್ನ ಕೈಯಿಂದ ಇಂಥ ಮರಗಳು ಯಾವತ್ತೂ ಬಂದಿಲ್ಲ. ಮೇಷ್ಟ್ರು ಒಂದನ್ನು ಕೇಳಿ ತೆಗೆದುಕೊಂಡು ಹೋದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕಾಫಿ ತೋಟದಲ್ಲಿ ರೈಟರ್. ಹೊರಗಿನವರು ಕಥೆ ಬರೆಯುವವನು ಅಂದುಕೊಳ್ಳುತ್ತಾರೆ. ನಾನು ಬರೆಯುವುದು ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ, ಗೊಬ್ಬರದ ಲೆಕ್ಕ, ಮತ್ತೆ ದಿನಾ ಬೆಳಿಗ್ಗೆ ಮಳೆ ಎಷ್ಟು ಇಂಚು ಎಷ್ಟು ಸೆಂಟ್ ಅಂತ, ನೂರು ಸೆಂಟ್‌ಗೆ ಒಂದು ಇಂಚು. ಈ ಮಳೆ ಪುಸ್ತಕದ ವಿಷಯ ಆಮೇಲೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಮೊದಲು ಹಾಳಾದದ್ದರ ಲೆಕ್ಕ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಹೊರದೇಶದ ಕಾಟನ್ ಹಾಳೆ, 300 ಜಿಎಸ್‌ಎಂ ಅನ್ನುವ ದಪ್ಪದ್ದು, ದೊಡ್ಡ ಸೈಜ್, 11 ತರಿಸಿದ್ದೆ. ಒಂದಕ್ಕೆ 700 ರೂಪಾಯಿ ಆಸುಪಾಸು. ಟ್ರಂಕಿನಲ್ಲಿ ಹಾಕಿ ಬೀಗ ಹಾಕಿದೆ, ಜಾಣತನ ಅಂದುಕೊಂಡು. ಆಗಸ್ಟ್‌ನಲ್ಲಿ ತೆಗೆದು ಬಣ್ಣ ಹಚ್ಚಿದರೆ ಅದು ಹಾಳೆಯ ಮೇಲೆ ನಿಲ್ಲುತ್ತಲೇ ಇಲ್ಲ, ಬ್ಲಾಟಿಂಗ್ ಪೇಪರ್ ಹಾಗೆ ಒಳಗೆ ಎಳೆದುಕೊಳ್ಳುತ್ತಿದೆ, ಅಲ್ಲಲ್ಲಿ ಕಪ್ಪು ಚುಕ್ಕಿ ಬೇರೆ. ಬಣ್ಣವನ್ನು ಮೇಲೇ ನಿಲ್ಲಿಸುವ ಅಂಟಿನ ಲೇಪ, ಸೈಜಿಂಗ್ ಅನ್ನುತ್ತಾರೆ, ತೇವಕ್ಕೆ ಹೋಗಿತ್ತು. ಬೂಷ್ಟು ಕಣ್ಣಿಗೆ ಕಾಣುವುದು ಕೊನೆಗೆ, ಅದಕ್ಕೂ ಮೊದಲೇ ಹಾಳೆ ಸತ್ತಿರುತ್ತದೆ. 7,700 ರೂಪಾಯಿ ನೀರಲ್ಲಿ ಹೋಯಿತು. ಮನೆಯಲ್ಲಿ ಈ ಲೆಕ್ಕ ನಾನಿನ್ನೂ ಹೇಳಿಲ್ಲ.

ಆಮೇಲೆ ಅಕ್ಕಿ ಡಬ್ಬದಲ್ಲಿ ಇಟ್ಟೆ, ಅಕ್ಕಿ ತೇವ ಎಳೆಯುತ್ತದಲ್ಲ ಅಂತ. ಹಾಳೆ ಪೂರ್ತಿ ಹಿಟ್ಟು, ಜೊತೆಗೆ ಅಕ್ಕಿ ಹುಳ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟೆ, ಅಲ್ಲಿ ಗರಿಗರಿಯಾಗಿ ಉಳಿಯಿತು, ಆದರೆ ಹೊಗೆ ಹಿಡಿದು ಬಿಳಿ ಹೋಗಿ ಹಳೇ ಪಹಣಿಯ ಬಣ್ಣ ಬಂತು. ಮರದ ಕಪಾಟಿನೊಳಗೆ ಝೀರೋ ಬಲ್ಬ್ ಉರಿಸಿಟ್ಟೆ. ಅದು ಒಳ್ಳೇ ಉಪಾಯ, ಕ್ಯಾಮೆರಾ ಇರುವವರು ಮಾಡುತ್ತಾರೆ, ಆದರೆ ನಮ್ಮಲ್ಲಿ ಜುಲೈನಲ್ಲಿ ಒಂದು ಮರ ಲೈನ್ ಮೇಲೆ ಬಿದ್ದರೆ ಮೂರು ದಿನ ಕರೆಂಟ್ ಇಲ್ಲ. ಕೊನೆಗೆ ಉಳಿದದ್ದು ದಪ್ಪ ಪ್ಲಾಸ್ಟಿಕ್ ಚೀಲ, ಒಳಗೆ ತೇವ ಎಳೆಯುವ ಸಿಲಿಕಾ ಜೆಲ್ ಹರಳು, ಮೇ ತಿಂಗಳ ಬಿಸಿಲಲ್ಲೇ ಸೀಲ್ ಮಾಡಿಡುವುದು. ಒಂದು ಚೀಲಕ್ಕೆ ನಾಲ್ಕೇ ಹಾಳೆ. ಒಂದು ತೆಗೆಯಲು ಇಪ್ಪತ್ತು ಹಾಳೆಗೂ ಗಾಳಿ ಆಡಿಸಬಾರದು, ಅಷ್ಟೇ. ಜೆಲ್ ಬಣ್ಣ ತಿರುಗಿದಾಗ ಹುರಿಯಬೇಕು. ಅದಕ್ಕೆ ಬೇರೆ ಬಾಣಲೆ ಇಟ್ಟುಕೊಳ್ಳಿ, ನಾನು ಮೊದಲ ಸಲ ಅಡುಗೆಯ ಬಾಣಲೆ ತೆಗೆದುಕೊಂಡು ಬೈಸಿಕೊಂಡೆ, ಆ ಬಾಣಲೆ ಈಗ ನನ್ನದೇ.

ಹಾಳೆ ಉಳಿಯಿತು. ಚಿತ್ರ ಮಾತ್ರ ಒಣಗುತ್ತಿರಲಿಲ್ಲ. ಹೇರ್ ಡ್ರೈಯರ್ ಹಿಡಿದರೆ ಬಣ್ಣ ಓಡುತ್ತದೆ, ಅಂಚು ಗಟ್ಟಿಯಾಗುತ್ತದೆ. ನೀರಿಗೆ ಸ್ವಲ್ಪ ವೋಡ್ಕಾ ಬೆರೆಸಿದರೆ ಬೇಗ ಒಣಗುತ್ತದೆ ಅಂತ ಚಳಿ ದೇಶದವರು ಹೇಳುತ್ತಾರೆ. ನನಗೆ ಸಿಕ್ಕಿದ್ದು ಪಕ್ಕದ ಮನೆಯ ಸುಬೇದಾರ್ ಸಾರ್ ಕೊಟ್ಟ ಮಿಲಿಟರಿ ಕ್ಯಾಂಟೀನ್ ರಮ್. ಆಕಾಶವೆಲ್ಲ ಕಂದು, ಮೇಲೆ ಅಂಟು. ಸಾರ್ ನೋಡಿ, "ಚಿತ್ರಕ್ಕೆ ಕುಡಿಸೋ ಬದಲು ನೀನೇ ಕುಡಿದಿದ್ರೆ ಆಗ್ತಿತ್ತಲ್ಲ" ಅಂದರು.

ಇಲ್ಲಿಂದ ವಿಷಯ ತಿರುಗಿತು. ಒಂದು ಜುಲೈ ಮಧ್ಯಾಹ್ನ ಜಗಲಿಯಲ್ಲಿ ಕೂತು ಬೇಸರದಲ್ಲಿ, ಒಣಗಿಲ್ಲ ಅಂತ ಒಂದು ಗಂಟೆ ಹಿಂದೆ ಬಿಟ್ಟಿದ್ದ ಹಾಳೆಗೆ ಸುಮ್ನೆ ಒಂದು ಸಿಲ್ವರ್ ಓಕ್ ಮರ ಎಳೆದೆ. ಅದು ಹರಡಿ ಹೋಗಲಿಲ್ಲ, ಗಟ್ಟಿಯಾಗಿಯೂ ನಿಲ್ಲಲಿಲ್ಲ. ಮಂಜಿನೊಳಗೆ ನಿಂತ ಮರ ಹೇಗಿರುತ್ತದೋ ಹಾಗೇ ಬಂತು. ಬೇಸಿಗೆಯಲ್ಲಿ ಈ ಮೆತ್ತನೆ ಅಂಚಿಗೆ ನಾವೆಲ್ಲ ಒದ್ದಾಡುತ್ತೇವಲ್ಲ, ಹೊಳಪು ಹೋಗಿ ಇನ್ನೂ ತೇವ ಇರುವ ಆ ಹೊತ್ತು, ಅದು ಮಾರ್ಚ್‌ನಲ್ಲಿ ಎರಡು ನಿಮಿಷ ಸಿಕ್ಕರೆ ಪುಣ್ಯ. ಜುಲೈನಲ್ಲಿ 15-20 ನಿಮಿಷ ಸಿಗುತ್ತದೆ. ಒಂದು ತೋಪು ಪೂರ್ತಿ ಬರೆಯಬಹುದು, ನಡುವೆ ಕಾಫಿ ಕುಡಿದು ಬರಬಹುದು. ನಾನು ಇಷ್ಟು ದಿನ ಓಡಿಸಲು ನೋಡಿದ್ದ ತೇವವೇ ಕೆಲಸಕ್ಕೆ ಬಂತು.

ಆಮೇಲೆ ನಾನು ಮಾಡಿದ್ದು ರೈಟರ್ ಕೆಲಸ. ಮಳೆ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ, ಹಾಳೆಯ ಹೊಳಪು ಹೋಗಲು ಎಷ್ಟು ನಿಮಿಷ ಅಂತ ಬರೆಯತೊಡಗಿದೆ. ಮಳೆ ಜಾಸ್ತಿ ಬಿದ್ದ ದಿನ ನಿಧಾನ ಇರುತ್ತದೆ ಅಂದುಕೊಂಡಿದ್ದೆ. ಅಲ್ಲ. 3 ಇಂಚು ಹೊಡೆದು ಗಾಳಿ ಬೀಸಿದ ದಿನ 45 ನಿಮಿಷ, ಬರೀ 10 ಸೆಂಟ್ ಬಿದ್ದು ಮಂಜು ಕೂತ ದಿನ ಒಂದೂಕಾಲು ಗಂಟೆ. ಲೆಕ್ಕ ಮಳೆಯದ್ದಲ್ಲ, ಗಾಳಿಯಲ್ಲಿರುವ ತೇವದ್ದು. 350 ರೂಪಾಯಿ ಕೊಟ್ಟು ತೇವ ತೋರಿಸುವ ಚಿಕ್ಕ ಮೀಟರ್ ತರಿಸಿದೆ. ಅದು ಜುಲೈ ಇಡೀ 90ರ ಮೇಲೆ ಕೂತು ಅಲ್ಲಾಡಲೇ ಇಲ್ಲ, ಸುಮ್ನೆ ದುಡ್ಡು. ಈಗ ಬೆಳಿಗ್ಗೆ ಡಬ್ಬದಿಂದ ಹೊರಗಿಟ್ಟ ಹಸಿ ಹಪ್ಪಳ ಬಗ್ಗಿಸಿ ನೋಡುತ್ತೇನೆ. ಪಟ್ಟಂತ ಮುರಿದರೆ ಅವತ್ತು ಬೇಗ ಕೆಲಸ ಮಾಡಬೇಕು, ಬಟ್ಟೆಯ ಹಾಗೆ ಮಡಚಿಕೊಂಡರೆ ಆರಾಮ. ನಗಬೇಡಿ, ಮೀಟರಿಗಿಂತ ಸರಿಯಾಗಿ ಹೇಳುತ್ತದೆ.

ಈಗಿನ ಪದ್ಧತಿ ಹೀಗೆ. ಹಾಳೆಯನ್ನು ಟಬ್‌ನಲ್ಲಿ 15 ನಿಮಿಷ ಮುಳುಗಿಸಿ, ಬೋರ್ಡ್ ಬರೆಯುವವರ ಹತ್ತಿರ ಸಿಕ್ಕ ಅಕ್ರಿಲಿಕ್ ಶೀಟ್ ಮೇಲೆ ಹಾಸಿ, ಕೈಯಿಂದ ಗುಳ್ಳೆ ಒತ್ತಿ ತೆಗೆಯುತ್ತೇನೆ. ಟೇಪ್ ಬೇಡ, ಕ್ಲಿಪ್ ಬೇಡ, ತಾನೇ ಹಿಡಿದುಕೊಳ್ಳುತ್ತದೆ. ಮೊದಲು ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನ್ನಾ ಕಂದು ಬೆರೆಸಿದ ತೆಳು ಬೂದು. ಆಮೇಲೆ ಎದ್ದು ಹೋಗಬೇಕು. ಇದೇ ಕಷ್ಟ, ಕೈ ಸುಮ್ಮನಿರಲ್ಲ. ಹೊಳಪು ಅರ್ಧ ಇಳಿದಾಗ ದೂರದ ಮರ, ಹೊಳಪು ಪೂರ್ತಿ ಹೋಗಿ ಕೈಯ ಹಿಂಭಾಗ ಇಟ್ಟರೆ ತಣ್ಣಗೆ ಅನ್ನಿಸುವಾಗ ನಡುವಿನ ಮರ. ಬ್ರಷ್‌ನಲ್ಲಿ ನೀರು ಹಾಳೆಗಿಂತ ಕಡಿಮೆ ಇರಲೇಬೇಕು, ಬಣ್ಣ ನಮ್ಮ ಕಾಚಂಪುಳಿ ಹುಳಿರಸದಷ್ಟು ದಪ್ಪ ಇರಬೇಕು, ಇಲ್ಲದಿದ್ದರೆ ನೀರು ಬಣ್ಣವನ್ನು ತಳ್ಳಿ ಹೂಕೋಸಿನಂಥ ಕಲೆ ಗ್ಯಾರಂಟಿ. ನನ್ನ ಮೊದಲ 25 ಚಿತ್ರ ಹೂಕೋಸಿನ ತೋಟ. ಹತ್ತಿರದ ಕಾಂಡ, ಕಡ್ಡಿ ಮಾರನೇ ದಿನ, ರಾತ್ರಿ ಒಲೆಯಿಂದ ನಾಲ್ಕು ಅಡಿ ದೂರ ಇಟ್ಟು ಒಣಗಿಸಿದ ಮೇಲೆ. ನೀರಿಗೆ ನಾನು ಇನ್ನೊಂದು ಸಾಮಾನು ಸ್ವಲ್ಪ ಹಾಕುತ್ತೇನೆ, ಅಂಚು ನಿಲ್ಲಲು. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ರಮ್ ಅಲ್ಲ.

ಮರದ ಬಗ್ಗೆ ಒಂದು ಮಾತು. ಕಲಿಯುವಾಗ ನಾವೆಲ್ಲ ಮೇಲೆ ಗುಂಡಗೆ ಎಲೆ, ಕೆಳಗೆ ಬೋಳು ಕಾಂಡ ಬರೆದವರೇ ಅಲ್ವಾ? ಕೊಡಗಿನ ತೋಟದಲ್ಲಿ ಅದು ತಲೆಕೆಳಗು. ಸಿಲ್ವರ್ ಓಕ್ ಕಾಂಡಕ್ಕೆ ಕರಿಮೆಣಸಿನ ಬಳ್ಳಿ ಹಬ್ಬಿರುತ್ತದೆ, ಮರದ ಕೊಂಬೆ ಕಡಿದು ಕಪಾತು ಆದ ಮೇಲೆ ತುದಿಯಲ್ಲಿ ಒಂದು ಹಿಡಿ ಎಲೆ. ಕಾಂಡವೇ ದಪ್ಪ, ಕಾಂಡವೇ ಹಸಿರು, ಕಾಂಡವೇ ಕಪ್ಪು. ಇದು ತಲೆಗೆ ಹೋಗಲು ನನಗೆ ಎರಡು ವರ್ಷ ಬೇಕಾಯಿತು, ದಿನಾ ಅದೇ ಮರಗಳ ಕೆಳಗೆ ಆಳು ಎಣಿಸುತ್ತಾ ನಡೆಯುವವನಿಗೆ! ದೂರ ಹೋದಂತೆ ನೀಲಿ ಅನ್ನುವುದೂ ನಮ್ಮ ಮಂಜಿಗೆ ಸಲ್ಲುವುದಿಲ್ಲ, ಇಲ್ಲಿ ದೂರ ಹೋದಂತೆ ಬಣ್ಣವೇ ಇರುವುದಿಲ್ಲ. ರುಮಾಲೆ ಚೆನ್ನಬಸವಯ್ಯನವರು ಬೆಂಗಳೂರಿನ ಹೂಬಿಟ್ಟ ಮರಗಳನ್ನು ಅಲ್ಲೇ ಕೂತು ಬರೆದವರು, ಅವರ ಚಿತ್ರ ನೋಡಿ ಬಂದು ಒಂದು ವರ್ಷ ನಾನೂ ಹಳದಿ, ಕೆಂಪು ಚೆಲ್ಲಿದೆ. ಅವರ ಮರಕ್ಕೆ ಬಿಸಿಲಿತ್ತು. ನನ್ನ ಮರ ನೆನೆದು ನಿಂತಿತ್ತು, ಅದಕ್ಕೆ ಆ ಬಣ್ಣ ಹಾಕಿದರೆ ಜಾತ್ರೆಯ ಪೆಂಡಾಲ್ ಆಗುತ್ತದೆ. ಹಸಿರನ್ನು ಟ್ಯೂಬಿನಿಂದ ನೇರ ತೆಗೆಯುವುದನ್ನೇ ಬಿಟ್ಟೆ. ಪ್ರಷ್ಯನ್ ಬ್ಲೂಗೆ ಬರ್ಂಟ್ ಸಿಯೆನ್ನಾ ಹಾಕಿದರೆ ನೆನೆದ ಹಲಸಿನ ಮರ ಸಿದ್ಧ. ಸಿಲ್ವರ್ ಓಕ್ ಎಲೆ ಗಾಳಿಗೆ ಮಗುಚಿದಾಗ ಬರುವ ಬೆಳ್ಳಿ ಬಣ್ಣ ಹೇಗೆ ಮಾಡುತ್ತೇನೆ ಅಂತ ಬಹಳ ಜನ ಕೇಳಿದ್ದಾರೆ. ಬಿಳಿ ಬಣ್ಣ ಹಾಕುವುದಿಲ್ಲ, ಅಷ್ಟು ಹೇಳಬಲ್ಲೆ.

ಹಳೇ ಪುಸ್ತಕದಲ್ಲಿ ಮಕ್ಕಂದೂರು ಕಡೆಯ ಬೆಟ್ಟದ ಪೆನ್ಸಿಲ್ ಸ್ಕೆಚ್ ಒಂದಿದೆ, 2017ರದ್ದು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ ಮೇಲೆ ಆ ಗೆರೆ ಅಲ್ಲಿಲ್ಲ. ಅವತ್ತು ಸುಮಾರಾಗಿ ಬರೆದಿದ್ದೆ, ಇನ್ನೊಮ್ಮೆ ಬಂದು ಸರಿ ಮಾಡಿದರಾಯಿತು ಅಂತ. ಈಗ ಎಲ್ಲಿ ಕೂತರೂ ಬೆಟ್ಟದ ಗೆರೆಯನ್ನು ಮಾತ್ರ ನೋಡಿ, ಅಳೆದು, ನಿಧಾನವಾಗಿ ಬರೆಯುತ್ತೇನೆ.

ಮಧ್ಯೆ ಮಧ್ಯೆ ಹುಚ್ಚಾಟಗಳೂ ಆದವು. ಕೊಡವರ ಮಳೆಗಾಲದ ತಿಂಗಳು ಕಕ್ಕಡದ 18ನೇ ದಿನ ಮದ್ದು ಸೊಪ್ಪು ಬೇಯಿಸುತ್ತಾರಲ್ಲ, ಆ ನೇರಳೆ ನೀರು ನೋಡಿ ಯಾರಿಗೆ ಆಸೆ ಆಗಲ್ಲ? ಒಂದು ಲೋಟ ಎತ್ತಿಟ್ಟು ಬೆಟ್ಟಕ್ಕೆ ಹಚ್ಚಿದೆ. ಅಬ್ಬಾ, ಆ ಬಣ್ಣ ಯಾವ ಟ್ಯೂಬಿನಲ್ಲೂ ಇಲ್ಲ. ಎರಡು ವಾರ ಕಿಟಕಿ ಹತ್ತಿರ ಇಟ್ಟೆ, ಬೆಟ್ಟವೇ ಮಾಯ. ಪಾಯಸ ಮಾಡಿ ತಿನ್ನುವುದೇ ಸರಿ. ತೋಟದ ಕೆಂಪು ಮಣ್ಣು ಗೆದ್ದಿತು. ನೀರಲ್ಲಿ ಕಲಕಿ, ಮೇಲಿನ ಕೆಂಪು ನೀರು ಮಾತ್ರ ಬೇರೆ ಪಾತ್ರೆಗೆ ಬಸಿದು, ಆ ನೀರಿನ ತಳದಲ್ಲಿ ಕೂತದ್ದನ್ನು ಒಣಗಿಸಿ, ಗೋಂದು ಮತ್ತೆ ಜೇನು ಹಾಕಿ ಅರೆದೆ. ಕಾಲುದಾರಿಗೆ ಈಗಲೂ ಅದೇ ಬಣ್ಣ. ಜೇನು ಜಾಸ್ತಿ ಆಗಿ ಮೊದಲ ಸಲ ಇರುವೆಗಳು ಒಂದು ದಾರಿಯನ್ನು ಪೂರ್ತಿ ಹೊತ್ತುಕೊಂಡು ಹೋದವು. ಜಿಗಣೆಗೆ ಅಂತ ಇಟ್ಟುಕೊಂಡ ಉಪ್ಪನ್ನು ಹಸಿ ಬಣ್ಣದ ಮೇಲೆ ಉದುರಿಸಿದೆ, ಪುಸ್ತಕದಲ್ಲಿ ಚೆಂದದ ಚುಕ್ಕಿ ಬರುತ್ತದೆ ಅಂತಿತ್ತು. ನಮ್ಮಲ್ಲಿ ಆ ಉಪ್ಪು ಸೆಪ್ಟೆಂಬರ್‌ವರೆಗೂ ನೀರು ಬಿಡುತ್ತಲೇ ಇತ್ತು. ಇದ್ದಿಲು ಕೂಡ ಮನೆಯಲ್ಲೇ ಮಾಡುತ್ತೇನೆ. ಮುಚ್ಚಳಕ್ಕೆ ತೂತು ಮಾಡಿದ ಡಬ್ಬದಲ್ಲಿ ಕಡ್ಡಿ ತುಂಬಿ ಒಲೆಗೆ ಹಾಕುವುದು. ಕಾಫಿ ಕಡ್ಡಿ ಗಟ್ಟಿ, ಹಾಳೆ ಗೀರುತ್ತದೆ. ಹಾಲುವಾಣ ಮುಟ್ಟಿದರೆ ಪುಡಿ. ಮೂರನೇದೊಂದು ಕಡ್ಡಿ ಸರಿಹೋಗಿದೆ, ಬೇಲಿಯಲ್ಲೇ ಇದೆ, ಹುಡುಕಿಕೊಳ್ಳಿ.

ದುಡ್ಡಿನ ಮಾತು. ಮೂರು ವರ್ಷಕ್ಕೆ ಹಾಳೆ, ಬಣ್ಣ, ಹಾಳಾದದ್ದು ಎಲ್ಲ ಸೇರಿ 23-24 ಸಾವಿರ ಹೋಗಿರಬೇಕು. ಒಂದು ಹೋಂಸ್ಟೇಯವರು ಗೋಡೆಗೆ ಇಡಲು ಒಪ್ಪಿದರು, ಅರ್ಧ ಹಾಳೆಯ ಚಿತ್ರಕ್ಕೆ 1,800. ಅದರಲ್ಲಿ ಅವರಿಗೆ ಮೂರರಲ್ಲಿ ಒಂದು ಪಾಲು. 9 ಹೋಯಿತು, ಕೈಗೆ 10,800 ಬಂತು. ಪ್ರವಾಸಿಗಳು ಬಿಸಿಲಿನ ಚಿತ್ರ ಕೊಳ್ಳುತ್ತಾರೆ ಅಂದಿದ್ದರು ಎಲ್ಲರೂ. ನಾನಿಟ್ಟ ಎರಡು ಬಿಸಿಲಿನ ಚಿತ್ರ ಇನ್ನೂ ಅಲ್ಲೇ ಇವೆ. ಮಂಜಿನ ಮರಗಳೇ ಮೊದಲು ಖಾಲಿ.

ಅದರಲ್ಲಿ ಒಂದು ವಾಪಸ್ ಬಂತು, ಅದನ್ನೂ ಹೇಳಬೇಕು. ಪೇಟೆಯ ಫ್ರೇಮಿನವನು ಮೌಂಟ್ (ಗಾಜಿಗೂ ಚಿತ್ರಕ್ಕೂ ನಡುವೆ ಇಡುವ ರಟ್ಟಿನ ಚೌಕಟ್ಟು) ಇಲ್ಲದೆ ಗಾಜನ್ನು ಚಿತ್ರಕ್ಕೆ ತಾಗಿಸಿಯೇ ಕಟ್ಟಿದ್ದ, ನಾನೂ 150 ರೂಪಾಯಿ ಉಳಿಯಿತು ಅಂತ ಸುಮ್ಮನಿದ್ದೆ. ಎರಡು ತಿಂಗಳಲ್ಲಿ ಗಾಜಿನೊಳಗೆ ಬೆವರು, ಮಂಜಿನ ಜಾಗದಲ್ಲಿ ನಿಜವಾದ ಬೂಷ್ಟು. ದುಡ್ಡು ಹಿಂದಿರುಗಿಸಿದೆ. ಹಾಗಾಗಿ ಮೇಲಿನ 10,800ರಲ್ಲಿ 1,200 ಕಳೆದುಕೊಳ್ಳಿ. ಈಗ ಮೌಂಟ್ ಹಾಕಿಸಿ, ಹಿಂದುಗಡೆ ಕಾರ್ಕ್ ತುಂಡು ಅಂಟಿಸಿ, ಗೋಡೆಗೂ ಫ್ರೇಮಿಗೂ ಒಂದು ಬೆರಳು ಸಂದು ಬಿಡುತ್ತೇನೆ.

ಇನ್ನೂ ಕೈಗೆ ಸಿಗದದ್ದು ರೊಬಸ್ಟಾ ಎಲೆಯ ಹೊಳಪು. ಮಳೆ ನಿಂತ ತಕ್ಷಣ ಒಂದೊಂದು ಎಲೆಯೂ ಸ್ಟೀಲ್ ತಟ್ಟೆಯ ಹಾಗೆ ಮಿಂಚುತ್ತದೆ. ಬಿಳಿ ಬಿಟ್ಟು ಬರೆದರೆ ಚೆಲ್ಲಿದ ಕಾಗದ ಕಂಡ ಹಾಗಾಗುತ್ತದೆ, ಆಮೇಲೆ ಒರೆಸಿ ತೆಗೆದರೆ ಮಂಕು. ಬಿಳಿ ಉಳಿಸಲು ಮೊದಲೇ ಹಚ್ಚಿ ಆಮೇಲೆ ಕೀಳುವ ಮಾಸ್ಕಿಂಗ್ ಫ್ಲೂಯಿಡ್ ತೇವದ ಹಾಳೆಗೆ ಅಂಟಿ, ಕೀಳುವಾಗ ಹಾಳೆಯನ್ನೇ ಕಿತ್ತುಕೊಂಡು ಬಂತು. ಚೀಲದಲ್ಲಿ ಏಳು ಹಾಳೆ ಉಳಿದಿವೆ, ಇವತ್ತು ಬೆಳಿಗ್ಗೆ ಹಪ್ಪಳ ಬಟ್ಟೆಯ ಹಾಗೆ ಮಡಚಿಕೊಂಡಿತು.