ಸರ್ಕಸ್ ಆನೆ ಮಲಗುವುದಿಲ್ಲ ಅಂದವರಿಗೆ

ನಮ್ಮ ಅಜ್ಜಿ, ಅಂದರೆ ಸರ್ಕಸ್‌ನಿಂದ ಬಂದ ನಮ್ಮ ಹೆಣ್ಣಾನೆ, ಈಗ ರಾತ್ರಿ ಮಲಗುತ್ತಾಳೆ. ಎಡ ಮಗ್ಗುಲಿಗೆ ಜಾಸ್ತಿ, ಬಲಕ್ಕೆ ಕಡಿಮೆ. ಎಲ್ಲ ಸೇರಿ ಮೂರು ಗಂಟೆ ಹತ್ತಿರ. ಸರ್ಕಸ್‌ನಿಂದ ಬಂದ ಮುದಿ ಆನೆ ನಿಂತೇ ತೂಕಡಿಸುವುದು, ಅದನ್ನು ಬದಲಿಸಲು ಆಗಲ್ಲ ಅಂತ ನನಗೆ ಬುದ್ಧಿ ಹೇಳಿದವರು ತುಂಬಾ ಜನ. ಅವರೂ ಓದಲಿ ಅಂತಲೇ ಬರೆಯುತ್ತಿದ್ದೇನೆ.

ಉಡುಪಿ ಜಿಲ್ಲೆಯ ಹಿರಿಯಡಕದ ಆಚೆ ನಮ್ಮ ಆರೈಕೆ ಜಾಗ. ಅಜ್ಜಿಗೆ ಅರವತ್ತರ ಆಸುಪಾಸು. 1998ರ ಕೇಂದ್ರದ ಅಧಿಸೂಚನೆ ಹುಲಿ, ಸಿಂಹ, ಚಿರತೆ, ಕರಡಿ, ಮಂಗಗಳಿಗೆ ಸರ್ಕಸ್‌ನಿಂದ ಬಿಡುಗಡೆ ಕೊಟ್ಟಿತು. 2001ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆನೆ ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಇವಳು ಆಮೇಲೂ ವರ್ಷಗಟ್ಟಲೆ ಸ್ಟೂಲಿನ ಮೇಲೆ ಕೂತಳು, ಹಿಂಗಾಲಲ್ಲಿ ಎದ್ದು ನಿಂತಳು. ಮೊಣಕಾಲಿನ ಕೀಲು ಸವೆಯದೆ ಇರುತ್ತಾ?

ಬಂದಾಗ ಶೆಡ್ಡಿನ ಕೆಂಪುಕಲ್ಲಿನ ಕಂಬಕ್ಕೆ ಸೊಂಟ ಒರಗಿಸಿ ನಿಂತಿರುತ್ತಿದ್ದಳು. ಒರಗಿದ ಜಾಗದ ಚರ್ಮ ಕೆಂಪಗೆ ಕಿತ್ತುಬಂದಿತ್ತು. ಹಗಲು ರಾತ್ರಿ ಪೂರ್ತಿ ಭಾರ ಕಾಲಿಗೇ. ಮುಂಗಾಲಿನ ಐದು ಉಗುರಲ್ಲಿ ಎರಡು ಸೀಳಿದ್ದವು. ಮುಲಾಮು ಹಚ್ಚುವುದು, ಕಾಲು ನೆನೆಸುವುದು ಎಲ್ಲ ನಡೆದೇ ಇತ್ತು. ಮಲಗದ ಆನೆಯ ಕಾಲಿಗೆ ಎಷ್ಟು ಔಷಧ ಹಾಕಿದರೂ ಅಷ್ಟೇ. ಅವಳಿಗೆ ಭಯ ಇದ್ದದ್ದು ಮಲಗುವುದಕ್ಕಲ್ಲ, ಏಳುವುದಕ್ಕೆ.

ಮೊದಲು ಹಟ್ಟಿಗೆ ಹಾಸುವ ರಬ್ಬರ್ ಮ್ಯಾಟ್ ತಂದೆ. ಹತ್ತಿಪ್ಪತ್ತು ಸಾವಿರ ಹೋಯಿತು. ಅಡಿಯಲ್ಲಿ ಉಚ್ಚೆ ನಿಂತು ನಾತ. ಒಂದು ಬೆಳಿಗ್ಗೆ ನೋಡಿದರೆ ಸೊಂಡಿಲಲ್ಲಿ ಸುರುಳಿ ಸುತ್ತಿ ಮೂಲೆಗೆ ಎಸೆದಿದ್ದಳು. ಆಮೇಲೆ ತೆಂಗಿನ ನಾರಿನ ಪುಡಿ. ಮೇ ತಿಂಗಳಲ್ಲಿ ಭಾರೀ ಚಂದ. ಜೂನ್ ಬಂತು ನೋಡಿ, ನೀರು ಹೀರಿ ಬೂಷ್ಟು ಹಿಡಿಯಿತು. ಕೆಂಪು ಮಣ್ಣಿನ ಕಥೆ ಹೇಳುವುದೇ ಬೇಡ. ಎಂ-ಸ್ಯಾಂಡ್ ಅಂದರೆ ಕಲ್ಲು ಪುಡಿ ಮಾಡಿದ ಮರಳು ಚೂಪು, ಒದ್ದೆಯಾಗಿ ಒಣಗಿದರೆ ಮತ್ತೆ ಗಟ್ಟಿ ನೆಲವೇ.

ಕೊನೆಗೆ ಹೊಳೆ ಮರಳು. ಪರ್ಮಿಟ್ ಇರುವ ಮರಳಿನ ರೇಟು ನಮ್ಮ ಕಡೆಯವರಿಗೆ ಗೊತ್ತೇ ಇದೆ. ಆಗ ಲೋಡಿಗೆ ಹನ್ನೆರಡು ಸಾವಿರದ ಹತ್ತಿರ. ಏಳೆಂಟು ಲೋಡು, ಮೇಲೆ ಶೀಟಿನ ಮಾಡು, ಸುತ್ತ ನೀರು ಹೋಗಲು ಕಣಿ, ಎಲ್ಲ ಸೇರಿ ಎರಡು ಲಕ್ಷ ದಾಟಿತು. ‘ಎಂತ ಮಾರಾಯ್ರೆ, ಆನೆಗೆ ಹಾಸಿಗೆಯಾ?’ ಅಂತ ಲಾರಿಯವರೇ ನಕ್ಕರು.

ಸಮತಟ್ಟಾಗಿ ಹರಡಿದರೆ ಪ್ರಯೋಜನ ಇಲ್ಲ. ಒಂದು ಬದಿಗೆ ಅವಳ ಹೊಟ್ಟೆ ಮಟ್ಟಕ್ಕಿಂತ ಸ್ವಲ್ಪ ಎತ್ತರ, ಅಲ್ಲಿಂದ ಇಳಿಜಾರು. ಆನೆ ಪಕ್ಕೆ ಕೊಟ್ಟು ಒರಗಿದರೆ ಅರ್ಧ ದಾರಿಯಲ್ಲೇ ಮಲಗಿದ ಹಾಗಾಗಬೇಕು. ಕಾಲು ಇಳಿಜಾರಿನ ಕೆಳಗೆ ಇರುವುದರಿಂದ ಏಳುವಾಗ ಅರ್ಧ ಕೆಲಸ ಮರಳೇ ಮಾಡುತ್ತದೆ. ಇಳಿಜಾರು ಎಷ್ಟು ಅಂತ ಕೇಳಬೇಡಿ, ಬಂದು ನೋಡಿ. ಗೆದ್ದಲು, ಇರುವೆ ಬಾರದಿರಲು ಅಡಿಗೆ ಏನು ಹಾಕುತ್ತೇನೆ ಅನ್ನುವುದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮೊದಲ ವಾರ ಅಜ್ಜಿ ಮರಳನ್ನು ಬೆನ್ನ ಮೇಲೆ ಎರಚಿಕೊಂಡದ್ದೇ ಬಂತು. ಅರ್ಧ ಲೋಡು ಶೆಡ್ಡಿನ ಹೊರಗೆ! ಆಮೇಲೆ ಒರಗಲು ಶುರು ಮಾಡಿದಳು. ಮಲಗಿದ್ದು ಅವಳನ್ನು ನೋಡಿಕೊಳ್ಳುವ ಕಾವಾಡಿ ಹುಡುಗನಿಗೆ ಮೊದಲು ಗೊತ್ತಾಯಿತು. ಎರಚಿಕೊಂಡ ಮರಳು ಒಣಗಿ ಬೆನ್ನ ಮೇಲೆ ಸುಮ್ನೆ ಕೂತಿರುತ್ತದೆ, ಊದಿದರೆ ಉದುರುತ್ತದೆ. ಮಲಗಿದಾಗ ಅಂಟಿದ ಮರಳು ಹಾಗಲ್ಲ. ಒಂದೇ ಪಕ್ಕೆಯಲ್ಲಿ ಒತ್ತಿ ಅಂಟಿರುತ್ತದೆ, ಕಣ್ಣಿನ ಮೇಲಿನ ಗುಳಿಯಲ್ಲಿ, ಕಿವಿಯ ಮಡಿಕೆಯಲ್ಲಿ ಹಸಿಯಾಗಿ ತುಂಬಿರುತ್ತದೆ. ಹುಡುಗ ಬೆರಳು ಹಾಕಿ ತೆಗೆದು ತೋರಿಸಿದ. ನಂಬದೆ ಕ್ಯಾಮೆರಾ ಹಾಕಿಸಿದೆ. ಬೆಳಗಿನ ಜಾವ ಎರಡರಿಂದ ನಾಲ್ಕರೊಳಗೆ ಗಾಢ ನಿದ್ದೆ, ಗೊರಕೆ ಸಮೇತ.

ಇದನ್ನು ಮಾಡುವವರು ಮೇವನ್ನು ಮರಳಿನ ದಿಬ್ಬದ ಹತ್ತಿರ ಹಾಕಬೇಡಿ. ಹುಲ್ಲಿನ ಜೊತೆ ಮರಳು ಹೊಟ್ಟೆಗೆ ಹೋದರೆ ಕರುಳು ಕಟ್ಟುತ್ತದೆ. ನಮ್ಮಲ್ಲಿ ಬೈನೆ ಮರದ ಸೊಪ್ಪು, ಹುಲ್ಲು ಎಲ್ಲ ಆಚೆ ಕಲ್ಲಿನ ಕಟ್ಟೆಯ ಮೇಲೆ. ಕೊನೆಯ ದವಡೆ ಹಲ್ಲು ಸವೆದಿರುವುದರಿಂದ ಗೇಣುದ್ದ ಕತ್ತರಿಸಿಯೇ ಕೊಡುವುದು.

ಇದರ ನಡುವೆ ತಲೆ ತೂಗುವ ಚಾಳಿಗೂ ಒಂದು ಪ್ರಯತ್ನ ಮಾಡಿದೆ. ಪಕ್ಕದ ಗದ್ದೆಯಲ್ಲಿ ಯಕ್ಷಗಾನ ಇದ್ದ ರಾತ್ರಿ ಚೆಂಡೆ ಕೇಳಿದ್ದೇ ತಡ, ಸರ್ಕಸ್‌ನ ಬ್ಯಾಂಡ್ ಬಾರಿಸಿದರು ಅಂತ ಮುಂಗಾಲು ಎತ್ತಿ ನಿಂತಳು ಪಾಪ. ಆಮೇಲೆ ಬೆಳಗಿನವರೆಗೆ ತೂಗಾಟ. ಮಲ್ಪೆಯಿಂದ ಹಳೆ ಬಲೆ ತಂದು, ಅದರಲ್ಲಿ ಹುಲ್ಲು ತುಂಬಿ ಎತ್ತರಕ್ಕೆ ಕಟ್ಟಿದೆ. ಎಳೆದು ಎಳೆದು ತಿನ್ನುವಾಗ ತೂಗಾಟ ಮರೆತೇ ಹೋಗುತ್ತಿತ್ತು. ಆದರೆ ನೈಲಾನ್ ಎಳೆ ನುಂಗಿದರೆ ಕಷ್ಟ ಅಂತ ಡಾಕ್ಟರು ಬೈದರು. ಈಗ ತೆಂಗಿನ ಹಗ್ಗದ ಬಲೆ, ಒಬ್ಬರು ಮನೆಯಲ್ಲೇ ಹೆಣೆದು ಕೊಡುತ್ತಾರೆ. ತೂಗಾಟ ಪೂರ್ತಿ ನಿಂತಿಲ್ಲ, ಅರ್ಧಕ್ಕೆ ಇಳಿದಿದೆ.

ಸೊಂಟದ ಗಾಯ ಒಂದು ಮಳೆಗಾಲದೊಳಗೆ ಒಣಗಿತು. ಸೀಳಿದ ಉಗುರಲ್ಲಿ ಒಂದು ಕೂಡಿಬಂದಿದೆ, ಇನ್ನೊಂದಕ್ಕೆ ಅರ ಹಾಕುತ್ತಲೇ ಇದ್ದೇವೆ. ದಿಬ್ಬವನ್ನು ವಾರಕ್ಕೊಮ್ಮೆ ಗುದ್ದಲಿಯಿಂದ ಕೆದರಿ ಮತ್ತೆ ರೂಪ ಕೊಡಬೇಕು. ಲದ್ದಿ ಬಿದ್ದ ಕಡೆ ಮೇಲಿನ ಮರಳು ತೆಗೆಯಬೇಕು. ವರ್ಷಕ್ಕೆ ಎರಡು ಲೋಡು ಹೊಸತು ಬೇಕಾಗುತ್ತದೆ. ಈಗ ಲೋಡಿಗೆ ಹದಿನೈದು ಸಾವಿರ ಕೇಳುತ್ತಿದ್ದಾರೆ. ಕಾರ್ಕಳ ಕಡೆ ಪರ್ಮಿಟ್ ಇರುವವರು ಯಾರಾದರೂ ಕಡಿಮೆಗೆ ಕೊಡುವುದಾದರೆ ತಿಳಿಸಿ. ಮಳೆ ಶುರುವಾಗುವ ಮೊದಲು ಹಾಕಿಸಬೇಕು.