ಒಂದು ಶಿಲುಬೆ, ಮೂರು ಪಟ್ಟಿ: ಕ್ಯಾಪ್ಟನ್ ವಾಕರ್ ಅವರ ಪದಕಗಳನ್ನು ನಾನು ಓದಿದ ಬಗೆ

ಸೇನಾ ಪದಕಗಳ ಅಧ್ಯಯನ ನನ್ನ ಬಹುಕಾಲದ ಹವ್ಯಾಸ. ಅಧಿಕಾರಿಯೊಬ್ಬರ ಎದೆಯ ಮೇಲಿನ ರಿಬ್ಬನ್‌ಗಳ ಸಾಲನ್ನು ಓದಲು ಬಲ್ಲವರಿಗೆ ಅವರ ವೃತ್ತಿಜೀವನವೆಲ್ಲ ತಿಳಿದುಬಿಡುತ್ತದೆ ಎಂಬ ಮಾತು ನಮ್ಮ ವಲಯದಲ್ಲಿ ಬಳಕೆಯಲ್ಲಿದೆ. ಬ್ರಿಟನ್ನಿನ ರಾಯಲ್ ನೇವಿಯ ಕ್ಯಾಪ್ಟನ್ ಫ್ರೆಡರಿಕ್ ಜಾನ್ ವಾಕರ್ ಅವರ ಪದಕಗಳ ಬೆನ್ನು ಹತ್ತಿದ ಮೇಲೆ ನಾನು ಆ ಮಾತನ್ನು ಅರ್ಧ ಮಾತ್ರ ನಂಬುತ್ತೇನೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳನ್ನು ಬೇಟೆಯಾಡಿದವರ ಮುಂಚೂಣಿಯಲ್ಲಿದ್ದ ಈ ಅಧಿಕಾರಿಯನ್ನು ರೂಪಿಸಿದ ವರ್ಷಗಳಿಗೆ ಒಂದು ಪದಕವೂ ಇಲ್ಲ.

ನಾನು ಮೊದಲು ನೋಡುವುದು ಯಾವ ಪದಕದ ಮೇಲೆ ಹೆಸರಿದೆ, ಯಾವುದರ ಮೇಲೆ ಇಲ್ಲ ಎಂಬುದನ್ನು. ವಾಕರ್ ಅವರ ಮುಖ್ಯ ಗೌರವವೆಂದರೆ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್, ಅಂದರೆ ಡಿಎಸ್‌ಒ, ಅದರ ಜೊತೆಗೆ ಮೂರು ಬಾರ್‌ಗಳು. ಅದೇ ಗೌರವವನ್ನು ಮತ್ತೆ ಪಡೆದವರಿಗೆ ಇನ್ನೊಂದು ಶಿಲುಬೆ ಕೊಡುವುದಿಲ್ಲ, ಇರುವ ರಿಬ್ಬನ್ನಿಗೇ ಒಂದು ಲೋಹದ ಪಟ್ಟಿ ಸೇರಿಸುತ್ತಾರೆ. ಹರಾಜಿಗೆ ಮುನ್ನ ವೀಕ್ಷಣೆಗೆ ಇಟ್ಟಿದ್ದ ಆ ಕಾಲದ ಬೇರೊಬ್ಬರ ಡಿಎಸ್‌ಒ ಒಂದನ್ನು ನಾನು ಭೂತಗನ್ನಡಿಯಲ್ಲಿ ನೋಡಿದ್ದೇನೆ. ಚಿನ್ನದ ಮುಲಾಮಿನ ಬೆಳ್ಳಿಗೆ ಬಿಳಿ ಎನಾಮೆಲ್ ಹಾಕಿದ ಶಿಲುಬೆ, ನೀಲಿ ಅಂಚಿನ ಕಡುಗೆಂಪು ರಿಬ್ಬನ್, ತೂಗುಪಟ್ಟಿಯ ಹಿಂಬದಿಯಲ್ಲಿ ಸಣ್ಣದಾಗಿ ಕೊರೆದ ಒಂದು ಇಸವಿ. ಪಡೆದವರ ಹೆಸರು ಎಲ್ಲಿಯೂ ಇರಲಿಲ್ಲ. ಬ್ರಿಟಿಷ್ ಸಿಬ್ಬಂದಿಗೆ ಕೊಟ್ಟ ಎರಡನೆಯ ಮಹಾಯುದ್ಧದ ತಾರೆಗಳ, ಅಂದರೆ ನಕ್ಷತ್ರಾಕಾರದ ಯುದ್ಧಸೇವಾ ಪದಕಗಳ, ಮೇಲೂ ಹೆಸರು ಹಾಕುತ್ತಿರಲಿಲ್ಲ. ಹೆಸರು ಸಿಗುವುದು ಮೊದಲನೆಯ ಮಹಾಯುದ್ಧದ ಪದಕಗಳ ಮೇಲೆ. ಆದ್ದರಿಂದ ಎರಡೂ ಯುದ್ಧ ಕಂಡ ಅಧಿಕಾರಿಯ ಪದಕಗಳ ಗುಚ್ಛ ಯಾರದೆಂದು ಗುರುತಿಸಲು ನಾನು ಹಿಡಿಯುವುದು ಹಳೆಯ, ಅಷ್ಟೇನೂ ಬೆಲೆ ಬಾಳದ ಆ ಪದಕಗಳನ್ನೇ.

ಎರಡನೆಯ ಆಕರ ಛಾಯಾಚಿತ್ರಗಳು. ಪದಕ ಧರಿಸದೆ ರಿಬ್ಬನ್ ಮಾತ್ರ ತೊಟ್ಟಾಗ ಪ್ರತಿ ಬಾರ್‌ಗೆ ಬದಲಾಗಿ ಒಂದು ಚಿಕ್ಕ ಬೆಳ್ಳಿಯ ಹೂವನ್ನು ರಿಬ್ಬನ್ನಿನ ಮೇಲೆ ಕೂರಿಸುತ್ತಾರೆ. ತೋಳಿನ ಮೇಲಿನ ಬಂಗಾರದ ಪಟ್ಟೆಗಳು ಮೂರಿದ್ದರೆ ಕಮಾಂಡರ್, ನಾಲ್ಕಿದ್ದರೆ ಕ್ಯಾಪ್ಟನ್. ವಾಕರ್ ಅವರಿಗೆ ಕ್ಯಾಪ್ಟನ್ ಹುದ್ದೆ ಸಿಕ್ಕಿದ್ದು 1942ರ ನಡುವಿನಲ್ಲಿ. ಹೀಗಾಗಿ ಪಟ್ಟೆ ಮತ್ತು ಹೂವುಗಳನ್ನು ಎಣಿಸಿದರೆ ದಿನಾಂಕವಿಲ್ಲದ ಚಿತ್ರವನ್ನೂ ಸರಿಸುಮಾರು ಒಂದು ಅವಧಿಯೊಳಗೆ ತಂದು ನಿಲ್ಲಿಸಬಹುದು. ಡಿಎಸ್‌ಒಗಿಂತ ಮೊದಲು ಅಂಚಿಲ್ಲದ ಕಡುಗೆಂಪು ರಿಬ್ಬನ್ ಕಂಡರೆ ಅದು ಆರ್ಡರ್ ಆಫ್ ದಿ ಬಾತ್‌ನ ಸಿಬಿ ಗೌರವ, ಆ ಚಿತ್ರ 1943ಕ್ಕಿಂತ ಹಿಂದಿನದಲ್ಲ.

ಮೂರನೆಯ ಆಕರ ಗೌರವಗಳನ್ನು ಪ್ರಕಟಿಸುವ ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರಿಕೆ ಲಂಡನ್ ಗೆಜೆಟ್; ಅದು ಈಗ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಯುದ್ಧಕಾಲದ ಗೆಜೆಟ್ ಓದುವಾಗ ತಾಳ್ಮೆ ಬೇಕು, ಏಕೆಂದರೆ ಶತ್ರುವಿಗೆ ಸುಳಿವು ಸಿಗಬಾರದೆಂದು ಅದರಲ್ಲಿ ಸ್ಥಳವನ್ನಾಗಲಿ ಹಡಗುಗಳ ತಂಡವನ್ನಾಗಲಿ ಹೆಸರಿಸದೆ ಧೈರ್ಯ, ಕೌಶಲ, ದೃಢತೆ ಎಂಬ ಸಿದ್ಧಮಾತುಗಳನ್ನೇ ಬಳಸುತ್ತಿದ್ದರು. 1942ರ ಜನವರಿಯಲ್ಲಿ ಪ್ರಕಟವಾದ ವಾಕರ್ ಅವರ ಮೊದಲ ಡಿಎಸ್‌ಒ ಯಾವ ಕಾರ್ಯಾಚರಣೆಗೆ ಸಂದಿತು ಎಂದು ತಿಳಿಯಲು ಅದರ ಹಿಂದಿನ ವಾರಗಳ ಕಾನ್ವಾಯ್‌ಗಳ, ಅಂದರೆ ಬೆಂಗಾವಲಿನಲ್ಲಿ ಸಾಗುವ ಸರಕುಹಡಗುಗಳ ಗುಂಪುಗಳ, ದಾಖಲೆಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಆಗ ಸಿಗುವುದು 1941ರ ಡಿಸೆಂಬರ್ 14ರಂದು ಜಿಬ್ರಾಲ್ಟರ್ ಬಿಟ್ಟ ಎಚ್‌ಜಿ 76 ಎಂಬ ಕಾನ್ವಾಯ್. 36ನೆಯ ಬೆಂಗಾವಲು ತಂಡದ ಮುಖ್ಯಸ್ಥರಾಗಿ ಅವರು ಸ್ಟಾರ್ಕ್ ಎಂಬ ಸ್ಲೂಪ್ (ಸಣ್ಣ ಬೆಂಗಾವಲು ಯುದ್ಧನೌಕೆ) ಹಡಗಿನಲ್ಲಿದ್ದರು. ವಿಮಾನವಾಹಕ ಆಡಾಸಿಟಿ ಮತ್ತು ಡೆಸ್ಟ್ರಾಯರ್ ಸ್ಟ್ಯಾನ್ಲಿ ಮುಳುಗಿದವು. ಸ್ಟ್ಯಾನ್ಲಿಯನ್ನು ಮುಳುಗಿಸಿದ ಜರ್ಮನ್ ಜಲಾಂತರ್ಗಾಮಿ ಯು-574 ಅನ್ನು ವಾಕರ್ ಸ್ಟಾರ್ಕ್‌ನಿಂದಲೇ ಡಿಕ್ಕಿ ಹೊಡೆದು ಮುಳುಗಿಸಿದರು. ಹೆಸರಾಂತ ಜರ್ಮನ್ ನಾಯಕ ಎಂಡ್ರಾಸ್ ಅವರ ಯು-567 ಕೂಡ ಅದೇ ಪಯಣದಲ್ಲಿ ನಾಶವಾಯಿತು. ಕಾನ್ವಾಯಿನ ಬಹುತೇಕ ಸರಕುಹಡಗುಗಳು ಬ್ರಿಟನ್ ತಲುಪಿದವು.

ಈ ಕೌಶಲ ಎಲ್ಲಿಂದ ಬಂತು ಎಂಬುದಕ್ಕೆ ಪದಕಗಳಲ್ಲಿ ಉತ್ತರವಿಲ್ಲ. ಅದಕ್ಕೆ ನಾನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅಂತರ್ಜಾಲಕ್ಕೆ ಏರಿಸಿರುವ ನೇವಿ ಲಿಸ್ಟ್ ಸಂಪುಟಗಳ ಮೊರೆಹೋದೆ. ಅಧಿಕಾರಿಗಳ ಹೆಸರುಗಳನ್ನು ಜ್ಯೇಷ್ಠತೆಯ ದಿನಾಂಕದ ಪ್ರಕಾರ ಜೋಡಿಸಿದ ಬಹಳ ಶುಷ್ಕವಾದ ಪುಸ್ತಕಗಳಿವು. ಆದರೂ ಒಂದೊಂದು ವರ್ಷದ ಸಂಪುಟವನ್ನು ಮುಂದಿನದರೊಂದಿಗೆ ಹೋಲಿಸುತ್ತ ಹೋದರೆ ಯಾರು ಮೇಲೇರಿದರು, ಯಾರು ಅಲ್ಲೇ ಉಳಿದರು ಎಂಬುದು ನಿರ್ದಾಕ್ಷಿಣ್ಯವಾಗಿ ಕಾಣುತ್ತದೆ. 1896ರಲ್ಲಿ ಪ್ಲಿಮತ್‌ನಲ್ಲಿ ಹುಟ್ಟಿದ ವಾಕರ್ ಡಾರ್ಟ್‌ಮತ್‌ನ ನೌಕಾ ಕಾಲೇಜಿನಲ್ಲಿ ಕಿಂಗ್ಸ್ ಮೆಡಲ್ ಗಳಿಸಿದವರು. ಎಲ್ಲರೂ ದೊಡ್ಡ ಫಿರಂಗಿಗಳ ಕಡೆ ನೋಡುತ್ತಿದ್ದ ಕಾಲದಲ್ಲಿ ಅವರು ಜಲಾಂತರ್ಗಾಮಿ ನಿಗ್ರಹವೆಂಬ, ಯಾರಿಗೂ ಬೇಡವಾಗಿದ್ದ ವಿಷಯವನ್ನು ಆಯ್ದುಕೊಂಡು ಪೋರ್ಟ್‌ಲ್ಯಾಂಡಿನ ತರಬೇತಿ ನೆಲೆಯಲ್ಲಿ ದುಡಿದರು. ಕ್ಯಾಪ್ಟನ್ ಹುದ್ದೆಯ ಬಡ್ತಿಯಲ್ಲಿ ಅವರನ್ನು ಕೈಬಿಡಲಾಯಿತು. ಯುದ್ಧ ಬಾರದಿದ್ದರೆ ಕಮಾಂಡರ್ ಆಗಿಯೇ ನಿವೃತ್ತರಾಗುತ್ತಿದ್ದರು.

ಅವರ ಹೆಸರಿನೊಂದಿಗೆ ಬೆರೆತಿರುವ ದಾಳಿಯ ಕ್ರಮಕ್ಕೆ ಬೇರು ಆ ವರ್ಷಗಳಲ್ಲೇ ಇದೆ ಎಂದು ನಾನು ಭಾವಿಸುತ್ತೇನೆ. ನೀರಿನೊಳಗೆ ಶಬ್ದ ಕಳುಹಿಸಿ ಪ್ರತಿಧ್ವನಿಯಿಂದ ಜಲಾಂತರ್ಗಾಮಿಯನ್ನು ಹುಡುಕುವ ಆಸ್ಡಿಕ್ ಉಪಕರಣಕ್ಕೆ ಗುರಿ ತೀರಾ ಹತ್ತಿರವಾದಾಗ ಜಾಡು ತಪ್ಪುತ್ತಿತ್ತು, ಧಾವಿಸಿ ಬರುವ ಹಡಗಿನ ಸದ್ದು ಕೇಳಿದ ಜರ್ಮನ್ ನಾಯಕ ಆ ಕೆಲವು ಕ್ಷಣಗಳಲ್ಲೇ ದಿಕ್ಕು ಬದಲಿಸಿ ಪಾರಾಗುತ್ತಿದ್ದ. ವಾಕರ್ ಒಂದು ಹಡಗನ್ನು ದೂರದಲ್ಲೇ ನಿಲ್ಲಿಸಿ ಅದರಿಂದ ಜಾಡು ಹಿಡಿದಿಟ್ಟುಕೊಂಡು, ಇನ್ನೊಂದನ್ನು ಅದರ ಆಸ್ಡಿಕ್ ಆರಿಸಿ ಅತಿ ನಿಧಾನವಾಗಿ ಗುರಿಯ ಮೇಲಕ್ಕೆ ನಡೆಸಿ, ತಮ್ಮ ಸಂಕೇತಕ್ಕೆ ಸರಿಯಾಗಿ ಡೆಪ್ತ್ ಚಾರ್ಜ್‌ಗಳನ್ನು, ಅಂದರೆ ನೀರಿನಾಳದಲ್ಲಿ ಸಿಡಿಯುವ ಸ್ಫೋಟಕಗಳನ್ನು, ಬಿಡಿಸುತ್ತಿದ್ದರು. ಕೆಳಗಿದ್ದವರಿಗೆ ಎಚ್ಚರಿಕೆಯೇ ಸಿಗುತ್ತಿರಲಿಲ್ಲ.

1943ರಲ್ಲಿ ಸ್ಟಾರ್ಲಿಂಗ್ ಹಡಗಿನಿಂದ ಎರಡನೆಯ ಸಪೋರ್ಟ್ ಗ್ರೂಪ್ ಎಂಬ ಹಡಗುಗಳ ತಂಡವನ್ನು ಮುನ್ನಡೆಸಿದಾಗ ಈ ಕ್ರಮ ಪಕ್ವವಾಯಿತು. (ರಾಯಲ್ ಇಂಡಿಯನ್ ನೇವಿಯ ಕಾವೇರಿ, ಕೃಷ್ಣಾ ಹಡಗುಗಳೂ ಸ್ಟಾರ್ಲಿಂಗ್‌ನಂತೆಯೇ ಮಾರ್ಪಡಿಸಿದ ಬ್ಲ್ಯಾಕ್ ಸ್ವಾನ್ ವರ್ಗಕ್ಕೆ ಸೇರಿದವು ಎಂಬುದು ನನಗೆ ಈ ಹುಡುಕಾಟದಲ್ಲಿ ಸಿಕ್ಕ ಲಾಭ.) 1944ರ ಜನವರಿ 31ರಿಂದ ಫೆಬ್ರವರಿ 19ರವರೆಗೆ ಒಂದೇ ಪಯಣದಲ್ಲಿ ಅವರ ತಂಡ ಆರು ಜಲಾಂತರ್ಗಾಮಿಗಳನ್ನು ಮುಳುಗಿಸಿತು. ಅದಕ್ಕೂ ಮುನ್ನ, 1943ರ ಆಗಸ್ಟ್‌ನಲ್ಲಿ, ಅವರ ಮಗ ತಿಮೋತಿ ಪಾರ್ಥಿಯನ್ ಎಂಬ ಬ್ರಿಟಿಷ್ ಜಲಾಂತರ್ಗಾಮಿಯೊಂದಿಗೆ ಕಣ್ಮರೆಯಾಗಿದ್ದರು.

ವಿಶ್ರಾಂತಿಯಿಲ್ಲದ ದುಡಿಮೆಯಿಂದ ಬಳಲಿದ್ದ ವಾಕರ್ ಮೆದುಳಿನ ಆಘಾತಕ್ಕೆ ತುತ್ತಾಗಿ 1944ರ ಜುಲೈ 9ರಂದು, 48ನೆಯ ವಯಸ್ಸಿನಲ್ಲಿ, ಲಿವರ್‌ಪೂಲ್ ಬಳಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಪಾರ್ಥಿವ ಶರೀರವನ್ನು ಹೆಸ್ಪರಸ್ ಹಡಗಿನಲ್ಲಿ ಒಯ್ದು ಸಮುದ್ರಕ್ಕೆ ಒಪ್ಪಿಸಲಾಯಿತು. ಪದಕಗಳನ್ನು ಓದುವವರು ಇಲ್ಲಿ ಇನ್ನೊಂದು ದಿನಾಂಕವನ್ನು ನೆನಪಿಡಬೇಕು: ಅಟ್ಲಾಂಟಿಕ್ ಯುದ್ಧದಲ್ಲಿ ಸೇವೆ ಸಲ್ಲಿಸಿದವರ ತಾರೆಯಾದ ಅಟ್ಲಾಂಟಿಕ್ ಸ್ಟಾರ್ ಸ್ಥಾಪನೆಯಾದದ್ದು 1945ರಲ್ಲಿ. ನೀಲಿ, ಬಿಳಿ, ಸಮುದ್ರಹಸಿರು ಬಣ್ಣಗಳು ಒಂದರೊಳಗೊಂದು ಕರಗುವ ಆ ರಿಬ್ಬನ್ ವಾಕರ್ ಅವರ ಎದೆಯ ಮೇಲೆ ಇರುವ ಯುದ್ಧಕಾಲದ ಚಿತ್ರವೆಂದು ಯಾರಾದರೂ ತೋರಿಸಿದರೆ, ಅದಕ್ಕೆ ಆಮೇಲೆ ಬಣ್ಣ ಹಚ್ಚಲಾಗಿದೆ ಅಥವಾ ಅದು ಬೇರೆ ಯಾರದೋ ಚಿತ್ರ.