ಲಾರಿ ಒಮ್ಮೊಮ್ಮೆ ಮಿಸ್ಸಿಂಗ್ ಹೊಡೆದರೆ

ಹಳೇ ಪಂಪಿನ ಡೀಸೆಲ್ ಲಾರಿ ಆಗಾಗ ಮಿಸ್ಸಿಂಗ್ ಹೊಡೆಯುತ್ತಿದ್ದರೆ (ಯಾವುದೋ ಸಿಲಿಂಡರ್ ಸರಿಯಾಗಿ ಉರಿಯದೆ ಇಂಜಿನ್ ತಡವರಿಸುತ್ತಿದ್ದರೆ) ತಕ್ಷಣ ನೋಜಲ್, ಅಂದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ, ಬಿಚ್ಚಿಸಬೇಡಿ. ಸುಮ್ನೆ ಖರ್ಚು. ಮೊದಲು ಡೀಸೆಲ್ ಲೈನ್ ಗಾಳಿ ಎಳೆಯುತ್ತಿದೆಯಾ ನೋಡಿ. ಟ್ಯಾಂಕಿನಿಂದ ಫೀಡ್ ಪಂಪಿಗೆ (ಡೀಸೆಲ್ ಎಳೆದು ಮುಂದೆ ಕಳಿಸುವ ಪಂಪ್) ಬರುವ ಪೈಪಿನ ನಡುವೆ ಒಳಗೆ ಕಾಣುವಂಥ ಡೀಸೆಲ್ ಪೈಪಿನ ತುಂಡು ಸೇರಿಸಿ, ಇಂಜಿನ್ ಓಡಿಸಿ. ಗುಳ್ಳೆ ಬಂದರೆ ವಾಷರ್, ಕ್ಲಿಪ್, ಬಿರುಕು ಬಿಟ್ಟ ಹೋಸ್ ಹುಡುಕಿ. ಈ ಭಾಗದಲ್ಲಿ ಪಂಪ್ ಎಳೆಯುತ್ತಿರುತ್ತದೆ, ಅಲ್ವಾ? ಹಾಗಾಗಿ ಡೀಸೆಲ್ ಹೊರಗೆ ಸೋರದೆಯೂ ಗಾಳಿ ಒಳಗೆ ಹೋಗಬಹುದು.

ಗುಳ್ಳೆ ಇಲ್ಲದಿದ್ದರೆ, ಮಿಸ್ಸಿಂಗ್ ಇರುವಾಗಲೇ ಐಡಲ್‌ನಲ್ಲಿ ಒಂದೊಂದೇ ನೋಜಲ್ ಪೈಪಿನ ನಟ್ ಸ್ವಲ್ಪ ಸಡಿಲಿಸಿ. ಕನ್ನಡಕ, ಗ್ಲೌಸ್ ಇರಲಿ. ಸಡಿಲಿಸಿದಾಗ ಆ ಸಿಲಿಂಡರ್ ಕೆಲಸ ನಿಲ್ಲಿಸುತ್ತದೆ; ಹಾಗಾಗಿ ಸದ್ದು ಬದಲಾಗದ ಸಿಲಿಂಡರಿನಲ್ಲೇ ತೊಂದರೆ.

ಕಾಮನ್ ರೈಲ್ ಗಾಡಿಯಲ್ಲಿ (ಎಲ್ಲ ನೋಜಲ್‌ಗೂ ಒಂದೇ ಹೈ ಪ್ರೆಶರ್ ಪೈಪಿನಿಂದ ಡೀಸೆಲ್ ಹೋಗುವ ಹೊಸ ಗಾಡಿ) ಮಾತ್ರ ನಟ್ ಮುಟ್ಟಲೇಬೇಡಿ. ಅಲ್ಲಿ ಒತ್ತಡ 1000 ಬಾರ್ ದಾಟುತ್ತದೆ, ಚಿಮ್ಮಿದ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ. ಗಾಡಿಯ ಕಂಪ್ಯೂಟರಿಗೆ ಜೋಡಿಸಿ ದೋಷ ಓದುವ ಸ್ಕ್ಯಾನರ್ ಹಾಕಿಸಿ.